ಮುಚ್ಚಳದ ಪರೀಕ್ಷೆ

ಅಕ್ಕಾ,

ನಿನ್ನ ರಕ್ತದ ರಿಪೋರ್ಟು ಫ್ರಿಜ್ಜಿನ ಮೇಲಿದೆ. ಮೈಯೊಳಗಿನ ಉರಿಯೂತ ತೋರಿಸೋ ಸಿಆರ್‌ಪಿ ಆರರಿಂದ ಇಪ್ಪತ್ತೆಂಟಕ್ಕೆ ಏರಿದೆ, ಇಎಸ್‌ಆರ್ ಕೂಡ ಅದರ ಬೆನ್ನಿಗೇ ಏರಿದೆ. ಕೀಲಿನ ಉರಿಯೂತ ಮತ್ತೆ ತಲೆಯೆತ್ತಿದೆಯಂತೆ. "ಡಬ್ಬಿ ಮುಚ್ಚಳ ಒಂದೇ ತಿರುವಿಗೆ ಬರ್ತಿದೆ, ನಂಗೆ ವಾಸಿಯಾಯ್ತು" ಅಂತ ಊರಿಗೆಲ್ಲ ಡಂಗುರ ಸಾರಿ ಎರಡು ತಿಂಗಳು ಮಾತ್ರೆ ಬಿಟ್ಟೆಯಲ್ಲ, ಮಹಾರಾಯ್ತಿ. ಈಗ ಲ್ಯಾಬಿನ ಮಿಷನ್ ಕೆಟ್ಟಿದೆ ಅಂತ ಶುರು ಮಾಡಬೇಡ.

ತಪ್ಪು ನನ್ನದು. ನಿನ್ನ ಬೆರಳು ಊದಿದ್ದು ನೋಡಲಾಗದೆ, ದಿನಾ ಕೆಲಸಕ್ಕೆ ಹೊರಡೋ ಮುಂಚೆ ಎಲ್ಲಾ ಮುಚ್ಚಳ ಸಡಿಲಿಸಿಡುತ್ತಿದ್ದವಳು ನಾನೇ.

ಬಯ್ಯೋದನ್ನು ಸಂಜೆಗೆ ಇಟ್ಟುಕೋ. ಡಾಕ್ಟರು ಮಾತ್ರೆ ಇವತ್ತೇ ಶುರು ಮಾಡು ಅಂದಿದ್ದಾರೆ. ಡಬ್ಬಿಗಳನ್ನೆಲ್ಲ ಬಿಗಿ ಮಾಡಿದ್ದೇನೆ, ಇನ್ನು ಅವು ನಿನಗೆ ಸುಳ್ಳು ಹೇಳೋದಿಲ್ಲ.

ಮಾತ್ರೆ ಡಬ್ಬಿ ಒಂದನ್ನು ಮಾತ್ರ ಸಡಿಲವಾಗೇ ಬಿಟ್ಟಿದ್ದೇನೆ.