ಬಸ್ಸು ಗಡಗಡ ಅನ್ನುತ್ತಿಲ್ಲ ಎಂಬ ನನ್ನ ದೂರು

ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ನೆರೆದಿರುವ ಸಮಸ್ತ ಪ್ರಯಾಣಿಕ ಮಹಾಶಯರೇ, ತಾಯಂದಿರೇ, ಶೇಂಗಾ ಮಾರುವವರೇ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿರುವ ಜಾಣರೇ! ಗಂಟುಮೂಟೆ ಕೆಳಗಿಡಿ, ಕೂಸುಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಪರದೆ ಮೇಲೇಳುತ್ತಿದೆ. ಇವತ್ತಿನ ಆಟದಲ್ಲಿ ರಾಜನಿಲ್ಲ, ರಾಣಿಯಿಲ್ಲ. ಒಂದು ಬಸ್ಸು, ಒಂದು ಕಿಟಕಿ, ಒಬ್ಬ ಹುಡುಗಿ, ಒಬ್ಬ ಅಧಿಕಾರಿ. ನಾನು ಅಧಿಕಾರಿಯ ಕಡೆ ತಿರುಗಿ ಮಾತಾಡುತ್ತೇನೆ, ನೀವು ಸಾಕ್ಷಿಯಾಗಿರಿ.

ಮಾನ್ಯ ಬಸ್ ಘಟಕದ ವ್ಯವಸ್ಥಾಪಕರೇ,

ನೀವು ನಮ್ಮ ಬೀದರ ಬಸ್ಸಿಗೆ ಹೊಸ ಗಾಡಿ ಹಾಕಿದ್ದೀರಿ. ಅದರ ಕಿಟಕಿಗಳು ಸದ್ದು ಮಾಡುತ್ತಿಲ್ಲ. ಇದೇ ನನ್ನ ದೂರು. ಬಸ್ಸು ಗಡಗಡ ಅನ್ನುತ್ತದೆ ಎಂದು ದೂರುವವರ ಅರ್ಜಿಗಳಿಂದ ನಿಮ್ಮ ಕಪಾಟು ತುಂಬಿರಬಹುದು. ಬಸ್ಸು ಗಡಗಡ ಅನ್ನುತ್ತಿಲ್ಲ ಎಂದು ಬರೆಯುತ್ತಿರುವ ಮೊದಲ ನಾಗರಿಕ ನಾನೇ ಆಗಿದ್ದರೆ, ಆ ಗೌರವವನ್ನು ತಲೆಬಾಗಿ ಸ್ವೀಕರಿಸುತ್ತೇನೆ. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಆ ಕೊರತೆಯನ್ನು ಸ್ವಂತ ಕೈಯಿಂದ ತುಂಬಿಕೊಟ್ಟ ಕಂಡಕ್ಟರ್ ಗುಲಾಮ ರಸೂಲ ಅವರಿಗೆ ನೀವು ಮೆಮೊ ಕೊಟ್ಟಿದ್ದೀರಿ. ನಾಳೆ ಬೆಳಿಗ್ಗೆ ಅವರು ನಿಮ್ಮ ಮುಂದೆ ಹಾಜರಾಗಬೇಕಂತೆ. ಅವರ ತಪ್ಪೇನು ಎಂದು ನೆರೆದವರು ಕೇಳುತ್ತಿದ್ದಾರೆ. ಸರ್ಕಾರಿ ಬಸ್ಸಿನೊಳಗೆ ತಗಡು ಅಲ್ಲಾಡಿಸಿದರು!

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಸಿಲಾಸ, ಬೋರ್ಡು ಬರೆಯುವ ಪೇಂಟರು. ನಮ್ಮಪ್ಪ ಊರೂರಿನ ನಾಟಕಗಳಿಗೆ ಪರದೆ ಬರೆಯುತ್ತಿದ್ದರು. ನಾನು ಅರಮನೆಯ ಪರದೆಯ ಹಿಂದೆ ಮಲಗಿ, ಅಡವಿಯ ಪರದೆಯ ಹಿಂದೆ ಎದ್ದು ಬೆಳೆದವನು. ನಮ್ಮ ಚರ್ಚಿನ ಕ್ರಿಸ್ಮಸ್ ನಾಟಕದಲ್ಲಿ ವರ್ಷಾವರ್ಷ ಹೆರೋದ ರಾಜನ ಪಾತ್ರ ನನ್ನದೇ. ಕೊನೆಯ ದೃಶ್ಯದಲ್ಲಿ ಹೆರೋದನ ತಲೆಯ ಮೇಲೆ ಸಿಡಿಲು ಬೀಳುತ್ತದೆ. ಬೈಬಲಿನಲ್ಲಿ ಹಾಗಿಲ್ಲ ಎಂದು ಪಾಸ್ಟರು ಪ್ರತಿ ಸಲ ಆಕ್ಷೇಪಿಸುತ್ತಾರೆ, ಆದರೆ ಜನಕ್ಕೆ ಸಿಡಿಲು ಬೇಕು. ಹೀಗೆ ವೇದಿಕೆಯ ಮೇಲೆ ಊರಿನ ಕೂಸುಗಳನ್ನೆಲ್ಲ ಕೊಲ್ಲಿಸಿ, ಸಿಡಿಲು ಬಡಿದು ಸತ್ತು, ಮನೆಗೆ ಬಂದು ಕಿರೀಟ ತೆಗೆಯುವುದಕ್ಕೂ ಪುರುಸೊತ್ತಿಲ್ಲದೆ ಮಗಳ ಹಾಲನ್ನು ಉಫ್ ಉಫ್ ಎಂದು ಆರಿಸುತ್ತೇನೆ. ಹಾಲು ತುಸು ಬಿಸಿಯಿದ್ದರೂ ಅವಳು ಮುಟ್ಟುವುದಿಲ್ಲ.

ಅವಳ ಹೆಸರು ಪರ್ಲ, ವಯಸ್ಸು ಹನ್ನೊಂದು. ಡಾಕ್ಟರು ಆಟಿಸಂ ಎಂದರು. ನಮ್ಮತ್ತೆ ಹಠ ಎಂದರು. ಓಣಿಯವರು ದೃಷ್ಟಿ ಎಂದರು. ನಾನು ರಂಗದ ಮನುಷ್ಯ, ನೋಡಿದ ಕೂಡಲೇ ಗುರುತು ಹಿಡಿದೆ: ಇವಳು ಡೈರೆಕ್ಟರು. ನಮ್ಮ ಮನೆಯೊಂದು ನಾಟಕ ಕಂಪನಿ, ನಾನು ಮತ್ತು ನನ್ನ ಹೆಂಡತಿ ಎಡಿತ ಅದರ ಬಡಪಾಯಿ ನಟರು. ರೊಟ್ಟಿಯನ್ನು ಮೊದಲು ಇಡಿಯಾಗಿ ತೋರಿಸಿ ಆಮೇಲೆ ಮುರಿಯಬೇಕು. ಮುರಿದು ತಂದರೆ ದೃಶ್ಯ ರದ್ದು. ಎಡಿತ ಒಲೆ ಹಚ್ಚಿ ಮತ್ತೊಂದು ರೊಟ್ಟಿ ಬಡಿಯಬೇಕು. ನಾನು ಬಲಗಾಲ ಚಪ್ಪಲಿ ಮೊದಲು ಬಿಟ್ಟರೆ ಹೊರಗೆ ಹೋಗಿ ಮತ್ತೆ ಪ್ರವೇಶಿಸಬೇಕು. ನಮ್ಮನೆಗೆ ಬಂದ ಎಲ್‌ಐಸಿ ಏಜೆಂಟರೊಬ್ಬರು ಮೂರು ಸಲ ಪ್ರವೇಶಿಸಿ, ನಾಲ್ಕನೆಯ ಸಲ ಬರಲೇ ಇಲ್ಲ.

ಪರ್ಲ ಆಡುವ ಮಾತು ಕಡಿಮೆ. ಮೊದಲು ಆಡಿದ ಎರಡು ಮಾತುಗಳನ್ನು ನಿಮ್ಮ ಇಲಾಖೆಯೇ ಕಲಿಸಿದೆ: 'ಹೋಲ್ಡಾನ್' ಮತ್ತು 'ರೈಟ್'. ಬಸ್ಸಿನಲ್ಲಿ ಕೂತು ಕಂಡಕ್ಟರಿನಿಂದ ಕಲಿತದ್ದು. ಒಂದು ಭಾನುವಾರ ಪಾಸ್ಟರು ಕಣ್ಣು ಮುಚ್ಚಿ ಸುದೀರ್ಘ ಪ್ರಾರ್ಥನೆಯಲ್ಲಿದ್ದರು. ಮಳೆ, ಬೆಳೆ, ಸರ್ಕಾರ, ಪರೀಕ್ಷೆ ಬರೆಯುವ ಮಕ್ಕಳು ಎಲ್ಲರನ್ನೂ ದಾಟಿ ಅದು ದೇಶದ ಗಡಿಯ ಕಡೆ ಹೊರಟಿತ್ತು. ಪರ್ಲ ಬೆಂಚಿನ ಮೇಲೆ ಎದ್ದು ನಿಂತು "ಹೋಲ್ಡಾನ್!" ಎಂದು ಕೂಗಿದಳು. ಪಾಸ್ಟರು ಗಾಬರಿಯಾಗಿ "ಆಮೆನ್" ಎಂದರು. "ರೈಟ್!" ಎಂದಳು ಪರ್ಲ. ಸಭೆಯವರೆಲ್ಲ ಎದ್ದು ಮನೆಗೆ ಹೊರಟರು. ಅಂದು ಎಡಿತ ಸೆರಗು ಬಾಯಿಗಿಟ್ಟುಕೊಂಡು, ಭುಜ ಕುಣಿಸಿ ಕುಣಿಸಿ ನಕ್ಕಳು. ಡಾಕ್ಟರ ಚೀಟಿ ಕೈಗೆ ಬಂದಂದಿನಿಂದ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾವಿಬ್ಬರೂ ಒಬ್ಬರಿಗೊಬ್ಬರು "ಹೋಲ್ಡಾನ್" "ರೈಟ್" ಎನ್ನುತ್ತ ನಡೆದೆವು. ಆವತ್ತಿನಿಂದ ನಮ್ಮ ಕಂಪನಿ ದುರಂತ ನಾಟಕ ಆಡುವುದನ್ನು ನಿಲ್ಲಿಸಿದೆ.

ಈಗ ಕಿಟಕಿಯ ಪ್ರವೇಶ. ಪರ್ಲಳ ವಿಶೇಷ ಶಾಲೆ ಇರುವುದು ಬೀದರಿನಲ್ಲಿ. ದಿನಾಲು ಅವಳನ್ನು ಶಾಲೆಗೆ ಬಿಟ್ಟು, ನಾನು ಅಲ್ಲೇ ಬೋರ್ಡು ಬರೆದು, ಸಂಜೆ ಕರೆದುಕೊಂಡು ಬರುತ್ತೇನೆ. ಮೊದಮೊದಲು ಯಾವ ಬಸ್ಸು ಹತ್ತಿಸಿದರೂ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು; ಊರು ದಾಟುವ ಮೊದಲೇ ಇಳಿದುಬಿಡುತ್ತಿದ್ದೆವು. ಆಗ ನಿಮ್ಮ ಘಟಕದ ಹಳೆಯ ಬಸ್ಸೊಂದು ಸಿಕ್ಕಿತು. ಅದರ ಹಿಂಬಾಗಿಲ ಪಕ್ಕದ ಕಿಟಕಿಯ ಗಾಜು ಸಡಿಲ. ಬಸ್ಸು ಹೊರಟರೆ ಸಾಕು, ಗಡಗಡಗಡ ಗಡಗಡಗಡ. ಪರ್ಲ ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟಳು. ನಕ್ಕಳು. ಬೀದರ ಬರುವವರೆಗೂ ಕೈ ತೆಗೆಯಲಿಲ್ಲ. ಆ ಸದ್ದು ಅವಳಿಗೆ ಯಾಕೆ ಬೇಕು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ನಿಮಗೆ ಚಹಾ ಯಾಕೆ ಬೇಕು ಎಂದು ನಾನು ಕೇಳಿದ್ದೇನೆಯೇ? ಆ ಕಿಟಕಿಯ ಪಕ್ಕ ಕೂತು ಎರಡು ವರ್ಷ ಶಾಲೆಗೆ ಹೋದಳು. ಅಲ್ಲಿ ಕಲಿತು ಬಂದು ಒಂದು ಸಂಜೆ ತಾಯಿಯ ಮುಖ ನೋಡಿ "ನೀರು" ಎಂದಳು. ಹತ್ತು ವರ್ಷ ಅವಳ ಬಾಯಾರಿಕೆಯನ್ನು ಊಹಿಸಿಯೇ ನೀರು ಕೊಟ್ಟವರು ನಾವು. ಆ ಲೋಟ ತುಂಬುವಾಗ ಎಡಿತ ಅರ್ಧ ನೀರನ್ನು ನೆಲಕ್ಕೆ ಚೆಲ್ಲಿದ್ದಳು.

ಇಂಥ ಬಸ್ಸನ್ನು ನೀವು ಜೂನಿನಲ್ಲಿ ಔರಾದ-ಬೀದರ ಮಾರ್ಗಕ್ಕೆ ಎತ್ತಿ ಹಾಕಿದಿರಿ. ನಮಗೆ ಹೊಸದು ಬಂತು. ಪರ್ಲ ಹತ್ತಿದಳು, ಕಿಟಕಿಗೆ ಅಂಗೈ ಇಟ್ಟಳು, ಕಾದಳು. ಸದ್ದಿಲ್ಲ. "ಹೋಲ್ಡಾನ್" ಎಂದು ಇಳಿದುಬಿಟ್ಟಳು.

ಆಮೇಲೆ ನಾವು ಮಾಡಿದ್ದನ್ನು ಯಾವ ನಾಟಕದಲ್ಲಿ ತೋರಿಸಿದರೂ ಜನ ನಂಬಲಿಕ್ಕಿಲ್ಲ. ನನ್ನ ಭಾವಮೈದುನ ಸ್ಟೀಫನನ ಮೋಟರ್‌ಸೈಕಲ್ ಮೇಲೆ ಭಾಲ್ಕಿಯಿಂದ ಸುತ್ತುಹಾಕಿ, ಔರಾದ ದಾರಿಯಲ್ಲಿರುವ ಸಂತಪುರಕ್ಕೆ ಹೋಗಿ, ಅಲ್ಲಿ ಆ ಹಳೆಯ ಬಸ್ಸು ಹಿಡಿದು ಬೀದರಕ್ಕೆ ಹೊರಟೆವು. ಬೀದರ ಮುಟ್ಟುವುದಕ್ಕೆ ಸಂತಪುರಕ್ಕೆ ಹೋಗುವ ಕುಟುಂಬ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಬೀದರವೇನೋ ಬಂತು. ಆದರೆ ಕಳೆದುಹೋದ ಕಿಟಕಿ ಸಿಕ್ಕ ಸಂಭ್ರಮದಲ್ಲಿದ್ದ ಪರ್ಲ ಇಳಿಯಲಿಲ್ಲ. ಬಸ್ಸು ಔರಾದಕ್ಕೆ ಹೋಯಿತು, ನಾವೂ ಹೋದೆವು. ತಿರುಗಿ ಬೀದರಕ್ಕೆ ಬಂತು, ನಾವೂ ಬಂದೆವು. ಮತ್ತೆ ಔರಾದ. ಅಲ್ಲಿನ ಚಹಾದಂಗಡಿಯವನಿಗೆ ತಡೆಯಲಾಗಲಿಲ್ಲ.

"ಏನ್ರಿ ಸಾಹೇಬ್ರ, ಮುಂಜಾನಿಯಿಂದ ಎರಡನೇ ಸಲ ಬಂದ್ರಿ. ಔರಾದದಾಗ ಬೀಗರ ಅದಾರೇನ್ರಿ?"

"ಇಲ್ರಿ," ಎಂದೆ, "ಕಿಟಕಿ ಅದ."

ಅವನು ನನಗೆ ಚಹಾ ಕೊಟ್ಟ, ಸ್ವಲ್ಪ ದೂರ ಸರಿದು ನಿಂತ.

ಹೀಗೆ ಎಷ್ಟು ದಿನ? ನಾನು ರಂಗದ ವಿದ್ಯೆಗೆ ಶರಣಾದೆ. ನಮ್ಮ ನಾಟಕದಲ್ಲಿ ಸಿಡಿಲು ಹೇಗೆ ಬರುತ್ತದೆ? ಪರದೆಯ ಹಿಂದೆ ಒಬ್ಬ ದೊಡ್ಡ ತಗಡು ಹಿಡಿದು ಅಲ್ಲಾಡಿಸುತ್ತಾನೆ. ಹೆರೋದನ ಆ ತಗಡನ್ನೇ ಹೆಗಲ ಮೇಲೆ ಹೊತ್ತು ಹೊಸ ಬಸ್ಸು ಹತ್ತಿದೆ. ಬಸ್ಸು ಹೊರಟ ಕೂಡಲೇ ಎರಡೂ ಕೈಯಿಂದ ಅಲ್ಲಾಡಿಸಿದೆ. ಮುಂದಿನ ಸೀಟಿನ ಮುದುಕರೊಬ್ಬರು ಬಸವಣ್ಣನನ್ನು ನೆನೆದರು, ಹಿಂದಿನ ಕೂಸೊಂದು ಅತ್ತಿತು, ಡ್ರೈವರ್ ಹಾವಗೆಪ್ಪ ಗಕ್ಕನೆ ಬ್ರೇಕು ಹಾಕಿ ಟಾಯರ್ ನೋಡಲು ಕೆಳಗಿಳಿದರು. ಪರ್ಲ ನನ್ನನ್ನು ನೋಡಿದ ನೋಟದಲ್ಲಿ, ಕೆಟ್ಟ ನಟನನ್ನು ಕಂಡ ಡೈರೆಕ್ಟರಿನ ಬೇಸರವಿತ್ತು.

ಆಗ ಗುಲಾಮ ರಸೂಲ ಟಿಕೆಟ್ ಮಷೀನನ್ನು ಕೊರಳಿಗೆ ನೇತುಹಾಕಿಕೊಂಡು ಬಂದರು.

"ಸಿಲಾಸಣ್ಣ, ನೀವು ಮಾಡೂದು ಸಿಡ್ಲು. ಪೋರಿಗೆ ಬೇಕಾಗಿದ್ದು ಕಿಟಕಿ. ಇಷ್ಟ ಜೋರ ಯಾಕ್ರಿ?"

"ಮತ್ತ ಹ್ಯಾಂಗ ಮಾಡ್ಲಿ ರಸೂಲ ಭಾಯಿ? ನನಗ ಸಣ್ಣ ಪಾರ್ಟ್ ಮಾಡಿ ರೂಢಿ ಇಲ್ಲ."

"ಅದು ಗೊತ್ತದರಿ. ನಾಳಿ ಅಂಗೈ ಅಗಲದ ತಗಡ ತರ್ರಿ, ಎಣ್ಣಿ ಡಬ್ಬಿದು. ನಾ ನೋಡ್ಕೋತೀನಿ."

ಮರುದಿನ ಆ ಚಿಕ್ಕ ತಗಡನ್ನು ಅವರು ಪರ್ಲಳ ಕಿಟಕಿಯ ಸಂದಿಯಲ್ಲಿ ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಕೂತು ಬೆರಳ ತುದಿಯಿಂದ ಆಡಿಸಿದರು. ಗಡಗಡಗಡ. ಪರ್ಲ ಅಂಗೈ ಇಟ್ಟಳು, ಕಾದಳು, "ರೈಟ್" ಎಂದಳು. ಹಾವಗೆಪ್ಪ ಗೇರು ಹಾಕಿದರು. ಮಾನ್ಯರೇ, ಇಡೀ ಬಸ್ಸು ಚಪ್ಪಾಳೆ ಹೊಡೆಯಲು ಕೈ ಎತ್ತಿತ್ತು. ಚಪ್ಪಾಳೆ ಅವಳಿಗೆ ಆಗದು ಎಂದು ನಾನೇ ಕೈಮುಗಿದು ತಡೆದೆ.

ಕಂಡಕ್ಟರಿಗೆ ಟಿಕೆಟ್ ಕೊಡುವ ಕೆಲಸವೂ ಇದೆಯಲ್ಲ? ಅವರು ಮುಂದೆ ಹೋದಾಗ ತಗಡು ಜನಾಬಾಯಿಯ ಕೈಗೆ ಹೋಗುತ್ತಿತ್ತು. ಭಾತಂಬ್ರಾದಿಂದ ಭಾಲ್ಕಿಗೆ ಬಂದು, ಅಲ್ಲಿಂದ ಬೀದರಕ್ಕೆ ಮೆಂತ್ಯ ಸೊಪ್ಪಿನ ಸೂಡು ಒಯ್ಯುವ ಹೆಣ್ಣುಮಗಳು ಆಕೆ. ಕ್ರಮೇಣ ಪದ್ಧತಿಯೇ ಆಯಿತು: ಆ ಹಿಂದಿನ ಸೀಟಿನಲ್ಲಿ ಕೂತವರು ತಗಡು ಆಡಿಸಬೇಕು. ಒಮ್ಮೆ ಕಾಲೇಜು ಹುಡುಗನೊಬ್ಬ ಮೊಬೈಲ್ ನೋಡುತ್ತ ಕೈ ನಿಲ್ಲಿಸಿದ.

"ಏ ತಮ್ಮಾ, ಕೈ ಯಾಕ ನಿಂತದ? ಪೋರಿ ಇಳೀತದ ನೋಡ!" ಎಂದರು ಜನಾಬಾಯಿ.

"ಇದೇನ ನನ್ನ ಕೆಲಸೇನಬೇ?"

"ಕೂತಿದ್ದಿ ಯಾವ ಸೀಟ್ ಮ್ಯಾಲ? ಹಂಪ್ ಬಂತು, ಎರಡ ಸಲ ಜೋರ ಆಡಸು. ಹಾಂ, ಹಂಗ! ಶಾಣ್ಯಾ ಅದಿ."

ಹಂಪು ಬಂದರೆ ಜೋರು, ಏರು ಬಂದರೆ ಮೆಲ್ಲಗೆ, ಸಿಗ್ನಲ್ಲಿನಲ್ಲಿ ಪೂರ್ಣವಿರಾಮ. ಇಷ್ಟು ಶಿಸ್ತಿನ ಹಿನ್ನೆಲೆ ವಾದ್ಯ ನಮ್ಮ ನಾಟಕಕ್ಕೂ ಸಿಕ್ಕಿಲ್ಲ.

ಅಷ್ಟರಲ್ಲಿ ಖಳನಾಯಕನ ಪ್ರವೇಶ: ನಿಮ್ಮ ಚೆಕಿಂಗ್ ಅಧಿಕಾರಿ. ದಾರಿಯಲ್ಲಿ ಬಸ್ಸು ಹತ್ತಿದರು. ಟಿಕೆಟ್ ಎಲ್ಲರ ಬಳಿಯೂ ಇತ್ತು. ಆದರೆ ಕಂಡಕ್ಟರ್ ಸೀಟಿನಲ್ಲಿ ಕೂತು ತಗಡು ಆಡಿಸುತ್ತಿದ್ದಾರೆ!

"ಏನಿದು?"

"ಕಿಟಕಿ ಸಪ್ಪಳರಿ ಸರ್."

"ಕಿಟಕಿ ಸರಿ ಅದಲ್ಲ?"

"ಅದಕ್ಕೇ ಮಾಡ್ಲಿಕತ್ತೇನ್ರಿ."

ತಗಡು ಜಪ್ತಾಯಿತು, ಇನ್ನು ಯಾರೂ ಬಸ್ಸಿನೊಳಗೆ ತಗಡು ತರಕೂಡದೆಂದು ತಾಕೀತೂ ಆಯಿತು. ಮೆಮೊ ಬಂತು. ಅದರಲ್ಲಿ ಬರೆದಿದೆ: 'ಕರ್ತವ್ಯದ ವೇಳೆ ಸುಸ್ಥಿತಿಯಲ್ಲಿರುವ ವಾಹನದಲ್ಲಿ ಕೃತಕ ಸದ್ದು ಉಂಟುಮಾಡಿ, ವಾಹನವು ದುಸ್ಥಿತಿಯಲ್ಲಿದೆ ಎಂಬ ತಪ್ಪು ಅಭಿಪ್ರಾಯ ಮೂಡಿಸಿರುತ್ತೀರಿ.' ಮಾನ್ಯರೇ, ಕೈಮುಗಿದು ಕೇಳುತ್ತೇನೆ. ಬಸ್ಸು ತಾನಾಗಿ ಗಡಗಡಿಸಿದರೆ ಸೇವೆ, ಕಂಡಕ್ಟರ್ ಗಡಗಡಿಸಿದರೆ ಅಪರಾಧವೇ? ಇಷ್ಟು ವರ್ಷ ನಿಮ್ಮ ಬಸ್ಸುಗಳು ಮಾಡಿದ ನಿಜವಾದ ಸದ್ದಿಗೆ ಯಾರಿಗೆ ಮೆಮೊ ಕೊಟ್ಟಿದ್ದೀರಿ? ಹೊಸ ಬಸ್ಸಿನ ಮಾನ ಒಂದು ಎಣ್ಣೆಡಬ್ಬಿಯ ತಗಡಿನಿಂದ ಹೋಗುವಷ್ಟು ತೆಳುವೇ?

ತಗಡು ಹೋದ ದಿನದಿಂದ ಪರ್ಲ ಶಾಲೆಗೆ ಹೋಗಿಲ್ಲ. ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಬರುತ್ತಾಳೆ, ಹತ್ತುತ್ತಾಳೆ, ಅಂಗೈ ಇಡುತ್ತಾಳೆ, ಇಳಿಯುತ್ತಾಳೆ. ಕಳೆದ ವಾರದಿಂದ "ನೀರು" ಎನ್ನುವುದನ್ನೂ ನಿಲ್ಲಿಸಿದ್ದಾಳೆ. ಲೋಟ ತಂದು ನಮ್ಮ ಮುಂದೆ ಹಿಡಿಯುತ್ತಾಳೆ. ನಮ್ಮ ಕಂಪನಿಯಲ್ಲಿ ಯಾವುದರಿಂದಲೂ ನಗು ಹುಟ್ಟಿಸಬಲ್ಲೆ, ಆ ಲೋಟದಿಂದ ಮಾತ್ರ ಆಗುತ್ತಿಲ್ಲ. ಈ ಪತ್ರ ಬರೆಯಲು ಕೂತಾಗ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಎಡಿತ ಹೇಳಿದಳು: "ಹೆರೋದ ಆಗಿ ಬರೀಬ್ಯಾಡ್ರಿ. ಅಕಿ ಅಪ್ಪ ಆಗಿ ಬರೀರಿ." ಪ್ರಯತ್ನಿಸಿದ್ದೇನೆ. ಮಧ್ಯೆ ಮಧ್ಯೆ ಕಿರೀಟ ಜಾರಿ ಕಣ್ಣಿಗೆ ಬಂದಿದ್ದರೆ ಕ್ಷಮಿಸಿ.

ಹೋದ ಸೋಮವಾರ ನಾನು ಮಗಳನ್ನು ಕರೆದುಕೊಂಡು ನಡೆದೇ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಮೀಟಿಂಗಿಗೆ ಹೋಗಿದ್ದಿರಿ. ನಿಮ್ಮ ಕ್ಲಾರ್ಕು ಅಮಿತಕುಮಾರ ನಮ್ಮನ್ನು ನಿಮ್ಮ ಕೋಣೆಯ ಬೆಂಚಿನ ಮೇಲೆ ಕೂರಿಸಿ, ಎಲ್ಲ ಕೇಳಿ, ಮರುಕದಿಂದಲೇ ಹೇಳಿದರು: "ಸರ, ಎರಡ ವರ್ಷ ತಡೀರಿ. ನಮ್ಮ ರೋಡಿನ್ಯಾಗ ಓಡಿ ಓಡಿ ಹೊಸಾದೂ ತಾನ ಗಡಗಡ ಅಂತದ." ಇದು ನಿಮ್ಮ ಇಲಾಖೆಯ ದೂರದೃಷ್ಟಿ! ಆದರೆ ಎರಡು ವರ್ಷಕ್ಕೆ ಹುಡುಗಿ ಹದಿಮೂರರವಳಾಗುತ್ತಾಳೆ. ಕಲಿತದ್ದು ಅಲ್ಲಿಯವರೆಗೆ ಕಾಯುತ್ತದೆಯೇ?

ಆದ್ದರಿಂದ ನನ್ನ ಬೇಡಿಕೆ ಕೇಳಿ. ಗುಲಾಮ ರಸೂಲರ ಮೆಮೊ ಹಿಂದಕ್ಕೆ ತೆಗೆದುಕೊಳ್ಳಿ; ಶಿಕ್ಷೆ ಕೊಡಲೇಬೇಕೆಂದಿದ್ದರೆ ತಗಡು ತಂದವನು ನಾನು, ನನಗೆ ಕೊಡಿ. ಹಳೆಯ ಬಸ್ಸಿನ ಆ ಒಂದು ಕಿಟಕಿಯನ್ನು ಬಿಚ್ಚಿ ಹೊಸದಕ್ಕೆ ಕೂರಿಸಿ. ಔರಾದದ ಜನ ಸದ್ದಿಲ್ಲದ ಕಿಟಕಿ ಸಿಕ್ಕರೆ ನಿಮಗೆ ಹಾರ ಹಾಕಿಯಾರು. ಅದೂ ಆಗದಿದ್ದರೆ ನಮ್ಮ ತಗಡು ನಮಗೆ ಕೊಡಿ, ಆಡಿಸುವುದಕ್ಕೆ ಜನ ತಯಾರಿದ್ದಾರೆ.

ಇಲ್ಲವಾದರೆ, ನೆರೆದ ಮಹಾಶಯರೇ, ಇನ್ನೊಂದು ಮಾತು ಕೇಳಿಸಿಕೊಳ್ಳಿ. ಸೋಮವಾರ ಆ ಕೋಣೆಯಲ್ಲಿ ಕೂತಿದ್ದಾಗ ಅಂಗಳದಿಂದ ಒಂದು ಬಸ್ಸು ಹೊರಟಿತು. ಸಾಹೇಬರ ಬೆನ್ನ ಹಿಂದಿನ ಕಿಟಕಿ ಇದೆಯಲ್ಲ, ಅದರ ಗಾಜು ಸಡಿಲ. ಗಡಗಡಗಡ ಎಂದಿತು. ಪರ್ಲ ಎದ್ದು ಹೋಗಿ ಅಂಗೈ ಇಟ್ಟಳು. ಅವಳನ್ನು ಅಲ್ಲಿಂದ ಮನೆಗೆ ಕರೆತರುವಷ್ಟರಲ್ಲಿ ಸಂಜೆಯಾಗಿತ್ತು.

ಮಾನ್ಯರೇ, ನಾಳೆ ಬೆಳಿಗ್ಗೆ ಗುಲಾಮ ರಸೂಲ ನಿಮ್ಮ ಮುಂದೆ ಬಂದು ನಿಲ್ಲುವಾಗ ನಾನೂ ಬರುತ್ತೇನೆ. ಪರ್ಲಳ ಶಾಲೆಯ ಬ್ಯಾಗು, ಮುರಿಯದ ರೊಟ್ಟಿಯ ಡಬ್ಬಿ, ಒಂದು ಲೋಟ ತರುತ್ತೇನೆ. ಅವಳನ್ನು ನಿಮ್ಮ ಕಿಟಕಿಯ ಪಕ್ಕ ಕೂರಿಸುತ್ತೇನೆ. ಬಸ್ಸು ಸರಿಯಾಗುವವರೆಗೆ ಶಾಲೆ ಅಲ್ಲೇ ನಡೆಯಲಿ. ನಿಮ್ಮ ಮಾತು ಉದ್ದವಾದರೆ ಅವಳು "ಹೋಲ್ಡಾನ್" ಎನ್ನುತ್ತಾಳೆ, ಮೆಮೊ ಹರಿದರೆ "ರೈಟ್" ಎನ್ನುತ್ತಾಳೆ. ಬಾಗಿಲಲ್ಲಿ ನೀವು ಯಾವ ಚಪ್ಪಲಿ ಮೊದಲು ಬಿಡುತ್ತೀರಿ ಎಂಬುದರ ಕಡೆ ಸ್ವಲ್ಪ ಗಮನವಿರಲಿ. ಅಲ್ಲಿಯವರೆಗೆ, ದಯವಿಟ್ಟು, ಇವತ್ತೇ ಯಾರನ್ನಾದರೂ ಕರೆಸಿ ಆ ಕಿಟಕಿ ರಿಪೇರಿ ಮಾಡಿಸಿಬಿಡಬೇಡಿ.

ಇಂತಿ,
ಕ್ರಿಸ್ಮಸ್ಸಿಗೊಮ್ಮೆ ರಾಜ, ಉಳಿದ ದಿನವೆಲ್ಲ ಬಲಗಾಲ ಚಪ್ಪಲಿ ಮೊದಲು ಬಿಟ್ಟು ಮತ್ತೆ ಮತ್ತೆ ಹೊರಗೆ ಹೋಗುವ,
ಪರ್ಲಳ ಅಪ್ಪ ಸಿಲಾಸ
ಭಾಲ್ಕಿ