ಸೋತ ಪ್ರಯೋಗಗಳಿಗೂ ಗಟ್ಟಿ ಹೊಲಿಗೆ

ಅಪ್ಪಾ,

ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇದನ್ನು ಮೊದಲು ಕೇಳಬೇಕಾದವನು ನೀನು.

ನೀನು ಮೂವತ್ತು ವರ್ಷ ಪುಸ್ತಕ ಹೊಲಿದ ವಿಶ್ವವಿದ್ಯಾಲಯದಲ್ಲಿ ಇವತ್ತು ಸಂಶೋಧನೆಯ ಸೀಟಿಗೆ ನನ್ನ ಸಂದರ್ಶನವಿತ್ತು. ಪ್ರೊಫೆಸರಮ್ಮ ಅಂಕಪಟ್ಟಿ ನೋಡಿ ಹುಬ್ಬೇರಿಸಿದರು. "ಮೊದಲ ರ‍್ಯಾಂಕು! ಖಾಸಗಿಯವರು ನಿನ್ನನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತಾರೆ. ಈ ಸೋರೋ ಸೂರಿಗೆ ಯಾಕಮ್ಮ ಬಂದೆ?"

ವಿಶ್ವವಿದ್ಯಾಲಯದ ಕರಪತ್ರಗಳಲ್ಲಿ ಓದಿದ ದೊಡ್ಡ ಮಾತುಗಳನ್ನೆಲ್ಲ ನುಂಗಿಕೊಂಡೆ. "ನೀವು ಸೋತ ಪ್ರಯೋಗಗಳನ್ನೂ ಬೈಂಡ್ ಮಾಡಿಸಿ, ಯಾರು ಬೇಕಾದ್ರೂ ಓದೋ ಹಾಗೆ ಇಡ್ತೀರಿ. ಅದಕ್ಕೇ ಬಂದೆ."

ಹಿಂದೊಮ್ಮೆ, ಸೋತದ್ದಕ್ಕೆ ಇಷ್ಟು ಗಟ್ಟಿ ಹೊಲಿಗೆ ಯಾಕೆಂದು ನಾನು ಗೇಲಿ ಮಾಡಿದಾಗ, ನೀನು ಸೂಜಿ ನಿಲ್ಲಿಸದೆ ಹೇಳಿದ್ದೆ: "ಮುಂದೆ ಬರೋರು ಇದನ್ನೇ ಜಾಸ್ತಿ ತಿರುವಿ ನೋಡ್ತಾರೆ ಮಗಳೇ."

ಪ್ರೊಫೆಸರಮ್ಮ ನಕ್ಕರು. "ಸೋತದ್ದನ್ನೇ ಜೋಪಾನ ಮಾಡ್ಬೇಕು ಅಂತ ನಮ್ಮ ಬೈಂಡರ್ ಒಬ್ರೂ ಅಂತಿದ್ರು. ನಿಂಗೆ ಗೊತ್ತಾ ಅವರು?"

ಅರ್ಜಿಯಲ್ಲಿ ತಂದೆಯ ಉದ್ಯೋಗದ ಎದುರು ನಾನು 'ಗ್ರಂಥಾಲಯ ಅಧಿಕಾರಿ' ಎಂದು ಬರೆದಿದ್ದೆ, ಶಾಲೆಯ ದಿನಗಳಿಂದ ಬರೆಯುತ್ತಾ ಬಂದಂತೆ. ತಪ್ಪು ಮಾಹಿತಿಗೆ ಸೀಟು ರದ್ದೆಂದು ಕೆಳಗೇ ಅಚ್ಚಾಗಿತ್ತು. ಅರ್ಜಿ ವಾಪಸು ಕೇಳಿ ಪಡೆದೆ. ಹಳೆಯದೂ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಬೈಂಡರ್' ಎಂದು ಬರೆದೆ.

ಸೋಮವಾರ ಪಟ್ಟಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಮುಂದಿನ ವರ್ಷವೂ ಇದೇ ಬಾಗಿಲಿಗೆ ಬರುತ್ತೇನೆ. ಆಗ ಮೊದಲ ಸಲಕ್ಕೇ ಸರಿಯಾಗಿ ಬರೆಯುತ್ತೇನೆ.