ಹೊಸ ಲಾಂಛನ, ಹಳೆಯ ತಾರೀಖು

ಮಾರ್ಚ್ ೧೪, ಗುರುವಾರ

ಮ್ಯಾನೇಜರ್ ಇವತ್ತು ನನಗೆ ಕುರ್ಚಿ ಹಾಕಿಸಿದರು. ಹನ್ನೊಂದು ವರ್ಷದಿಂದ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ, ಯಾವತ್ತೂ ನಿಲ್ಲಿಸಿಯೇ ಮಾತಾಡಿಸಿದವರು. ಅಲ್ಲೇ ನನಗೆ ಅನುಮಾನ ಬಂತು.

ಕಾರಣ ಬೆಳಗಿನ ಪೇಪರಿನಲ್ಲೇ ಇತ್ತು. ಬೇರೆ ಯಾವುದೋ ಕಾರ್ಖಾನೆಯ ಕೇಸಿನಲ್ಲಿ ಮೇಲ್ಮನವಿ ಕೋರ್ಟು ತೀರ್ಪು ಕೊಟ್ಟಿದೆ: ಕಳ್ಳತನದ ಕೇಸಿನಲ್ಲಿ ಖುಲಾಸೆಯಾದವನನ್ನು ಅದೇ ಸಾಕ್ಷ್ಯದ ಮೇಲೆ ಕೆಲಸದಿಂದ ತೆಗೆದಿದ್ದರೆ ವಾಪಸ್ ತೆಗೆದುಕೊಳ್ಳಬೇಕು. ನಮ್ಮ ಪ್ಯಾಕಿಂಗ್ ವಿಭಾಗದಲ್ಲಿದ್ದ, ದಪ್ಪ ಕನ್ನಡಕಕ್ಕೆ ಎಲ್ಲರೂ ಸೋಡಾಬುಡ್ಡಿ ಅನ್ನುತ್ತಿದ್ದವನ ಕಥೆಯೂ ಅದೇ. ಔಷಧಿ ಪೆಟ್ಟಿಗೆ ಕದ್ದನೆಂದು ಅವನ ಕೆಲಸ ಹೋಯಿತು, ಕೋರ್ಟು ಅವನನ್ನು ಬಿಟ್ಟಿತು. ಕಾರ್ಖಾನೆಯ ವಿಚಾರಣೆಯಲ್ಲೂ ಕೋರ್ಟಿನಲ್ಲೂ ಇದ್ದದ್ದು ನನ್ನ ಒಂದೇ ಹೇಳಿಕೆ. ಕೋರ್ಟಿನಲ್ಲಿ ಅವನ ವಕೀಲರು ಕೆದಕಿದಾಗ ನಾನು ತಡವರಿಸಿಬಿಟ್ಟಿದ್ದೆ.

"ಅವನು ಗೇಟ್ ಹತ್ರ ಚೀಲ ಬಚ್ಚಿಟ್ಟಿದ್ದನ್ನೂ ನೀವು ನೋಡಿದ್ರಲ್ಲಮ್ಮಾ? ಆಗ್ಲೇ ಟೈಪ್ ಮಾಡಿಸಿದ್ವಿ, ನಿಮ್ಮ ಸಹಿ ಒಂದು ಬಿಟ್ಟುಹೋಗಿದೆ" ಎಂದು ಮ್ಯಾನೇಜರ್ ಹಾಳೆ ಮುಂದಿಟ್ಟರು.

ತಾರೀಖು ಎರಡು ವರ್ಷ ಹಿಂದಿನದು. ಹಾಳೆಯ ತುದಿಯಲ್ಲಿ ಅಚ್ಚಾಗಿದ್ದ ಕಂಪನಿ ಲಾಂಛನ ಮಾತ್ರ ಹೊಸದು. ಆ ಹಾಳೆಗಳ ಕಟ್ಟನ್ನು ಹೋದ ತಿಂಗಳು ಬಿಚ್ಚಿದವಳೇ ನಾನು! ಬೇರೆ ಸಾಕ್ಷ್ಯವೂ ಇತ್ತೆಂದು ತೋರಿಸಿ ಅವನನ್ನು ಹೊರಗೇ ಇಡುವ ಉಪಾಯ; ಯಾರ ಕಿವಿಗೆ ಹೂವು ಇಡುತ್ತಾರೆ?

"ಮನೇಲಿ ಓದಿ ನಾಳೆ ಕೊಡ್ತೀನಿ ಸಾರ್" ಅಂದೆ.

"ಅದ್ರಲ್ಲಿ ಓದೋದೇನಿದೆ?" ಎಂದು ಕೈ ಚಾಚಿದರು. ಅಷ್ಟರಲ್ಲಿ ಹಾಳೆ ನನ್ನ ಬ್ಯಾಗು ಸೇರಿತ್ತು.

ಈಗ ಇಲ್ಲೇ, ಈ ಡೈರಿಯ ಪಕ್ಕದಲ್ಲಿದೆ. ಸಹಿ ಹಾಕುವುದಿಲ್ಲ, ಅದಂತೂ ಖಂಡಿತ. ಆದರೂ ಅವರ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಎರಡು ವರ್ಷದ ಹಿಂದೆ ಮೊದಲ ಹೇಳಿಕೆಯನ್ನು ನನ್ನ ಸಹಿಗೆ ತಂದಾಗಲೂ ಅವರು ಹಾಗೇ ಅಂದಿದ್ದರು, "ಅದ್ರಲ್ಲಿ ಓದೋದೇನಿದೆ?"

ಅವತ್ತು ನಾನು ಓದಿರಲಿಲ್ಲ.